ಮಾಚಿಕಾಯಿ ಶಾಯಿ, ಮೂರನೆಯ ಪುಟದ ತೂತು

ಗ್ರಂಧಿಗೆ ಅಂಗಡಿಯಲ್ಲಿ ಕಾಲು ಕಿಲೋ ಮಾಚಿಕಾಯಿ ಕೇಳಿದೆ. ಅಂಗಡಿಯವರು ತಕ್ಕಡಿಯಿಂದ ತಲೆ ಎತ್ತಿ, "ಮಗುವಿಗೆ ಎಷ್ಟು ತಿಂಗಳು ಸ್ವಾಮಿ?" ಎಂದರು. ಕೂಸಿಗೆ ತೇಯ್ದು ನೆಕ್ಕಿಸುವುದಾದರೆ ಒಂದೇ ಕಾಯಿ ತಿಂಗಳುಗಟ್ಟಲೆ ಬರುತ್ತದೆ. ಕಾಲು ಕಿಲೋ ಒಯ್ಯುವವನ ಮನೆಯಲ್ಲಿ ಎಷ್ಟು ತೊಟ್ಟಿಲು ತೂಗುತ್ತಿರಬೇಕು ಎಂಬ ಲೆಕ್ಕ ಅವರ ಮುಖದ ಮೇಲೆಯೇ ಇತ್ತು. ಶಾಯಿ ಮಾಡುವುದಕ್ಕೆ ಎಂದೆ. ನಂಬಿದರೋ ಇಲ್ಲವೋ, ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಮತ್ತು ಜಾಲಿ ಅಂಟನ್ನೂ ಕೇಳಿದಾಗ ಮಾತನಾಡದೆ ಕಟ್ಟಿಕೊಟ್ಟರು. ಇನ್ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಪತ್ರ ಬರೆಯುತ್ತಿದ್ದ ಶಾಯಿಗೆ ಬೇಕಾದ ಮೂರೂ ಸಾಮಾನು ಮೈಸೂರಿನ ಒಂದೇ ಅಂಗಡಿಯ ಮೂರು ಡಬ್ಬಿಗಳಲ್ಲಿ ಸಿಕ್ಕಿದವು.

ಈ ಉಸಾಬರಿಗೆ ಕಾರಣ ಒಂದು ಚೌಕ ಕಂಸ. ಅಮೆರಿಕದ ಲೇಖಕ, ಚಿಂತಕ ರಾಲ್ಫ್ ವಾಲ್ಡೊ ಎಮರ್ಸನ್ ಅವರ ಕೆಲವು ಪತ್ರಗಳನ್ನು ನಮ್ಮ ಓದುಗರ ಕೂಟಕ್ಕೆಂದು ಕನ್ನಡಕ್ಕೆ ಮಾಡುತ್ತಿದ್ದೆ. ಆ ಕಾಲದ ಪತ್ರಗಳನ್ನು ಅಚ್ಚು ಹಾಕಿದ ಸಂಪುಟ ಯಾವುದನ್ನು ತೆರೆದರೂ ಅಲ್ಲಲ್ಲಿ ಸಾಲು ತುಂಡಾಗುತ್ತದೆ. ಪತ್ರ ಮುಚ್ಚಲು ಅಂಟಿಸಿದ ಮುದ್ರೆ ಕಿತ್ತಾಗ ಕಾಗದ ಹರಿದು ಪದ ಹೋಗಿದೆ ಎಂದು ಸಂಪಾದಕರು ಕಂಸದಲ್ಲಿ ಬರೆದು ಮುಂದೆ ಹೋಗುತ್ತಾರೆ. ಇಲಿ ಕಡಿದಿದ್ದರೆ ಎಲ್ಲಿ ಬೇಕಾದರೂ ಕಡಿಯಬಹುದಿತ್ತು. ಮುದ್ರೆ ಹಾಗಲ್ಲ, ಅದಕ್ಕೆ ಒಂದು ಜಾಗವಿದೆ. ಆ ಜಾಗ ಪುಟದ ಯಾವ ಮೂಲೆಗೆ ಬರುತ್ತದೆ, ಅಲ್ಲಿ ಯಾವ ಮಾತು ಕೂತಿರುತ್ತದೆ ಎಂಬುದು ಓದಿದರೆ ತಿಳಿಯುವ ಸಂಗತಿಯಲ್ಲ. ಒಂದು ಪತ್ರವನ್ನು ಆ ಕಾಲದ ಹಾಗೆ ಬರೆದು, ಮಡಿಸಿ, ಅಂಟಿಸಿ, ಯಾರಿಂದಲಾದರೂ ಒಡೆಸಿ ನೋಡೋಣ ಎಂದುಕೊಂಡೆ. ಎರಡು ಭಾನುವಾರದ ಕೆಲಸ ಎಂದು ಅಂದಾಜು ಮಾಡಿದ್ದೆ, ಮಳೆಗಾಲವೇ ಮುಗಿಯಿತು.

ಎಮರ್ಸನ್ ಹುಟ್ಟಿದ್ದು 1803ರಲ್ಲಿ. 1829ರಲ್ಲಿ ಬಾಸ್ಟನ್ನಿನ ಸೆಕೆಂಡ್ ಚರ್ಚಿನಲ್ಲಿ ಪಾದ್ರಿಯಾದರು. ಎರಡು ವರ್ಷಕ್ಕೆ ಹೆಂಡತಿ ಎಲೆನ್ ತೀರಿಕೊಂಡಳು. 1832ರ ಸೆಪ್ಟೆಂಬರಿನಲ್ಲಿ, ಪ್ರಭುಭೋಜನದ, ಅಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿಯನ್ನು ಇನ್ನು ತಾನು ನಡೆಸಲಾರೆ ಎಂದು ಪೀಠದಿಂದಲೇ ಹೇಳಿ ಕೆಲಸ ಬಿಟ್ಟರು. ಅದೇ ಡಿಸೆಂಬರಿನಲ್ಲಿ ಹಡಗು ಹತ್ತಿ ಯುರೋಪಿಗೆ ಹೋದರು, 1833ರ ಆಗಸ್ಟಿನಲ್ಲಿ ಸ್ಕಾಟ್ಲೆಂಡಿನ ಕ್ರೇಗನ್‌ಪುಟಕ್ ಎಂಬ ಒಂಟಿ ತೋಟದ ಮನೆಯಲ್ಲಿ ಲೇಖಕ ಥಾಮಸ್ ಕಾರ್ಲೈಲ್‌ರನ್ನು ಕಂಡು ಒಂದು ರಾತ್ರಿ ಉಳಿದರು. ಆ ಒಂದು ರಾತ್ರಿಯಿಂದ ಹುಟ್ಟಿದ ಪತ್ರವ್ಯವಹಾರ 1872ರವರೆಗೆ ನಡೆಯಿತು. ಅವರಿಬ್ಬರ ಪತ್ರಗಳನ್ನು ಚಾರ್ಲ್ಸ್ ಎಲಿಯಟ್ ನಾರ್ಟನ್ 1883ರಲ್ಲಿ ಎರಡು ಸಂಪುಟವಾಗಿ ತಂದರು. ಎಮರ್ಸನ್ ಎಲ್ಲರಿಗೂ ಬರೆದ ಪತ್ರಗಳ ಆರು ಸಂಪುಟಗಳನ್ನು ರಾಲ್ಫ್ ರಸ್ಕ್ 1939ರಲ್ಲಿ ಸಂಪಾದಿಸಿದರು, ಆಮೇಲೆ ಎಲಿನರ್ ಟಿಲ್ಟನ್ ಇನ್ನೂ ನಾಲ್ಕು ಸೇರಿಸಿದರು. ಮನೆತನದ ಕಾಗದಪತ್ರಗಳ ದೊಡ್ಡ ಪಾಲು ಈಗ ಹಾರ್ವರ್ಡ್ ವಿಶ್ವವಿದ್ಯಾಲಯದ ಹೌಟನ್ ಗ್ರಂಥಾಲಯದಲ್ಲಿದೆ.

ನಕಲಿಗೆ ನಾನು ಆರಿಸಿಕೊಂಡಿದ್ದು ಕಾರ್ಲೈಲ್‌ಗೆ ಬರೆದ ಮೊದಲ ಪತ್ರ, 1834ರ ಮೇ 14ರದ್ದು. ಮನಸ್ಸಿಗೆ ತೀರ ಹತ್ತಿರವಾದ ಕೆಲಸವನ್ನೇ ನಾವು ಹೆಚ್ಚು ಕಾಲ ಮುಂದೂಡುತ್ತೇವೆ, ನಿಮಗೆ ಬರೆಯುವುದೂ ಹಾಗೆಯೇ ಆಯಿತು ಎಂದು ಅದು ಶುರುವಾಗುತ್ತದೆ. ತಡವಾಗಿ ಉತ್ತರ ಬರೆಯುವವರೆಲ್ಲ ಬಾಯಿಪಾಠ ಮಾಡಿಕೊಳ್ಳಬೇಕಾದ ಸಬೂಬು.

ಶಾಯಿಯಿಂದ ಮೊದಲು ಮಾಡಿದೆ. ಮಾಚಿಕಾಯಿ ಎಂದರೂ ಅದು ಕಾಯಲ್ಲ. ಓಕ್ ಮರದ ಎಳೆಯ ಭಾಗದಲ್ಲಿ ಒಂದು ಪುಟ್ಟ ಕಣಜ ಮೊಟ್ಟೆಯಿಟ್ಟಾಗ ಮರ ಅದರ ಸುತ್ತ ಬೆಳೆಸುವ ಗಂಟು. ಗಂಟಿನಲ್ಲಿ ಸೂಜಿ ಚುಚ್ಚಿದಂಥ ತೂತಿದ್ದರೆ ಹುಳು ಹೊರಗೆ ಹೋಗಿದೆ ಎಂದರ್ಥ, ಅಂಥದ್ದರಲ್ಲಿ ಒಗರು ಕಡಿಮೆ. ತೂತಿಲ್ಲದ, ಕಪ್ಪಗೆ ಭಾರವಾಗಿರುವವನ್ನು ಮೊರದಲ್ಲಿ ಹಾಕಿ ಆರಿಸಿದೆ. ಕಲ್ಲಿನಲ್ಲಿ ಜಜ್ಜಿ, ಮಳೆನೀರಿನಲ್ಲಿ ಮೂರು ದಿನ ನೆನೆಹಾಕಿ, ಹಳೆಯ ಪಂಚೆಯ ತುಂಡಿನಲ್ಲಿ ಸೋಸಿದೆ. ಚಹಾ ಡಿಕಾಕ್ಷನ್ನಿನ ಬಣ್ಣ ಬಂತು. ಅದಕ್ಕೆ ಹಸಿರು ಅನ್ನಭೇದಿಯ ಹರಳು ಹಾಕಿದ ಕೂಡಲೇ ಲೋಟ ಕಪ್ಪಾಗುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಇದನ್ನು ತೋರಿಸಿದ್ದರೆ ನನಗೆ ರಸಾಯನಶಾಸ್ತ್ರದಲ್ಲಿ ಇನ್ನೂ ಹತ್ತು ಅಂಕ ಬರುತ್ತಿತ್ತು.

ಮೊದಲ ಸಲ ದುರಾಸೆ ಮಾಡಿದೆ. ಇಪ್ಪತ್ತು ಗ್ರಾಂ ಮಾಚಿಕಾಯಿಗೆ ಇಪ್ಪತ್ತು ಗ್ರಾಂ ಅನ್ನಭೇದಿ ಸುರಿದೆ, ಕಪ್ಪು ಗಾಢವಾಗಲಿ ಎಂದು. ಎರಡನೆಯ ಸಲ ಮೂವತ್ತಕ್ಕೆ ಹತ್ತು. ಎರಡಕ್ಕೂ ಹತ್ತು ಗ್ರಾಂ ಜಾಲಿ ಅಂಟು, ಬೂಷ್ಟು ಹಿಡಿಯದಿರಲಿ ಎಂದು ನಾಲ್ಕು ಲವಂಗ. ಎರಡೂ ಶೀಸೆ ನೋಡುವುದಕ್ಕೆ ಒಂದೇ ಥರ. ಬರೆದ ತಕ್ಷಣ ಅಕ್ಷರ ತೆಳು ಬೂದು ಬಣ್ಣಕ್ಕಿರುತ್ತದೆ, ನೀರು ಹೆಚ್ಚಾಯಿತೇನೋ ಎಂದು ಹೆದರಿಕೆಯಾಗುತ್ತದೆ. ಮರುದಿನ ಬೆಳಗ್ಗೆ ನೋಡಿದರೆ ಕಾಡಿಗೆ ಕಪ್ಪು. ಗಾಳಿ ತಾಗಿ ಕಬ್ಬಿಣ ತನ್ನ ರೂಪ ಬದಲಿಸಿಕೊಂಡು, ಕಾಗದದ ನಾರಿನೊಳಗೇ ಕಪ್ಪಾಗಿ ಕೂರುತ್ತದೆ. ಆಮೇಲೆ ನೀರಿಗೂ ಜಗ್ಗುವುದಿಲ್ಲ.

ಎರಡು ಶಾಯಿಯಲ್ಲೂ ಒಂದೊಂದು ಪಟ್ಟಿ ಬರೆದು ಬಚ್ಚಲುಮನೆಯಲ್ಲಿ ಹಂಡೆಯ ಮೇಲೆ ದಾರಕ್ಕೆ ಕಟ್ಟಿದೆ. ದಿನವೂ ಬೆಳಗ್ಗೆ ಬಿಸಿ, ಹಬೆ. ಕಾಗದಕ್ಕೆ ಬೇಗ ವಯಸ್ಸಾಗಿಸಲು ನನ್ನ ಬಳಿಯಿದ್ದ ಯಂತ್ರ ಅದೊಂದೇ.

ಕಾಗದ ಹೆಚ್ಚು ಕಾಡಿತು. ಆ ಕಾಲದ್ದು ಚಿಂದಿ ಬಟ್ಟೆಯ ಕಾಗದ, ಮರದ ತಿರುಳಿನದಲ್ಲ. ಹತ್ತಿ ಚಿಂದಿಯ ಕೈಕಾಗದ ತಂದೆ. ಹದಿನಾರು ಇಂಚು ಅಗಲ, ಹತ್ತು ಇಂಚು ಎತ್ತರಕ್ಕೆ ಕತ್ತರಿಸಿ ನಡುವೆ ಮಡಿಸಿದರೆ ಎಂಟಕ್ಕೆ ಹತ್ತರ ನಾಲ್ಕು ಪುಟ. ಮೊದಲ ಸಾಲು ಬರೆದೆ, ಪ್ರತಿ ಅಕ್ಷರಕ್ಕೂ ಕಾಲು ಮೂಡಿ ಜೇಡನಂತಾಯಿತು. ಚಿತ್ರ ಬರೆಯಲು ಮಾಡಿದ ಕಾಗದ ಅದು, ಶಾಯಿಯನ್ನು ಬತ್ತಿಯ ಹಾಗೆ ಕುಡಿಯಿತು. ಅಂಗಡಿಗೆ ಮತ್ತೆ ಹೋಗಲು ಮನಸ್ಸಾಗದೆ ಅಕ್ಕಿ ಗಂಜಿಯ ತಿಳಿಯನ್ನು ಎರಡು ಬದಿಗೂ ಬಳಿದು, ನೆರಳಲ್ಲಿ ಒಣಗಿಸಿ, ಕವಡೆಯಿಂದ ಉಜ್ಜಿದೆ. ನಮ್ಮಲ್ಲಿ ಹಿಂದೆ ಕಡತದ ಕಾಗದಕ್ಕೆ ಮೆರುಗು ಕೊಡುತ್ತಿದ್ದ ಉಪಾಯ. ಒಂದು ಹಾಳೆಗೆ ಮುಕ್ಕಾಲು ಗಂಟೆ ಹಿಡಿಯಿತು, ಹೆಬ್ಬೆರಳಿಗೆ ಬೊಕ್ಕೆ ಬಂತು. ಆದರೆ ಶಾಯಿ ನಿಂತಿತು.

ಲೇಖನಿಗೆ ಹೆಬ್ಬಾತಿನ ಗರಿ. ಪರಿಚಯದವರ ತೋಟದಲ್ಲಿ ಉದುರಿದ್ದನ್ನು ಆರಿಸಿ ತಂದು, ಬಾಣಲೆಯಲ್ಲಿ ಮರಳು ಕಾಯಿಸಿ ಬುಡವನ್ನು ಅದರೊಳಗೆ ಹುಗಿದೆ. ಹಸಿ ಗರಿ ಉಗುರಿನಂತೆ ಬಾಗುತ್ತದೆ, ಕಾದ ಮೇಲೆ ಗಾಜಿನಂತೆ ಗಡುಸಾಗುತ್ತದೆ. ಮೂರು ಗರಿ ಸುಟ್ಟು ಹಾಳಾದವು. ನಾಲ್ಕನೆಯದನ್ನು ಓರೆಯಾಗಿ ಕೊಯ್ದು ನಡುವೆ ಸೀಳಿದೆ.

ಇಂಗ್ಲಿಷ್ ಬರೆಯಲು ಅದು ಚೆನ್ನಾಗಿಯೇ ಇತ್ತು. ಕನ್ನಡ ಬರೆಯಲು ಹೋದಾಗ ತಕರಾರು ತೆಗೆಯಿತು. ಗರಿಯ ಸೀಳನ್ನು ಕೆಳಗೆ ಎಳೆದರೆ ಬರೆಯುತ್ತದೆ, ಮೇಲಕ್ಕೆ ದೂಡಿದರೆ ಉಗಿಯುತ್ತದೆ. ನಮ್ಮ ಅಕ್ಷರಗಳೋ ಕೆಳಗಿಳಿದು, ಬಳಸಿ, ಮತ್ತೆ ಮೇಲೇರಿಯೇ ಮುಗಿಯುವಂಥವು. 'ಣ' ಬಂದಾಗಲೆಲ್ಲ ಒಂದು ಹನಿ. ತತ್ತ್ವಜ್ಞಾನದ ಪತ್ರದಲ್ಲಿ 'ಣ' ಎಷ್ಟಿರುತ್ತದೆಂದು ಗರಿ ಹಿಡಿದ ಮೇಲೆಯೇ ತಿಳಿಯಿತು: ಕಾರಣ, ಗುಣ, ಪ್ರಮಾಣ, ಪ್ರಾಣ. ಸುತ್ತನ್ನು ಎರಡು ತುಂಡಾಗಿ, ಎರಡೂ ಸಲ ಮೇಲಿನಿಂದ ಕೆಳಗೆ ಎಳೆಯುವುದನ್ನು ಕಲಿತ ಮೇಲೆ ದಾರಿಗೆ ಬಂತು.

ಇನ್ನೊಂದು ತೊಂದರೆ ಜಾಗದ್ದು. ಅಮೆರಿಕದ ಅಂಚೆಯಲ್ಲಿ 1845ರ ಜುಲೈವರೆಗೆ ಹಾಳೆಯ ಲೆಕ್ಕದಲ್ಲಿ ದರ. ನಾನೂರು ಮೈಲಿಗಿಂತ ದೂರ ಹೋಗಬೇಕಾದರೆ ಒಂದು ಹಾಳೆಗೆ 25 ಸೆಂಟು, ಎರಡು ಹಾಳೆಯಾದರೆ ದುಪ್ಪಟ್ಟು. ಲಕೋಟೆ ಹಾಕಿದರೆ ಅದೂ ಒಂದು ಹಾಳೆಯೇ. ಹಾಗಾಗಿ ಲಕೋಟೆಯ ಗೊಡವೆಗೇ ಯಾರೂ ಹೋಗುತ್ತಿರಲಿಲ್ಲ. ಮೂರು ಪುಟ ಬರೆದು, ನಾಲ್ಕನೆಯದನ್ನು ಹೊರಮೈ ಮಾಡಿ ಮಡಿಸಿ, ಅದರ ಮೇಲೆಯೇ ವಿಳಾಸ. ಹೇಳಬೇಕಾದದ್ದು ಮೂರನೆಯ ಪುಟದ ಕೊನೆಗೆ ಮುಗಿಯಲೇಬೇಕು. ಈ ಪತ್ರಗಳ ಕೊನೆಯಲ್ಲಿ ವಾಕ್ಯಗಳು ಬಿಗಿಯಾಗಿ, ಅಕ್ಷರಗಳು ಸಣ್ಣದಾಗಿ ಬರುವುದಕ್ಕೆ ಶೈಲಿಯೊಂದೇ ಕಾರಣವಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ಅನುವಾದ ನಾಲ್ಕನೆಯ ಪುಟಕ್ಕೆ ನುಗ್ಗಿತು. ಒಂದು ಪರಿಚ್ಛೇದವನ್ನೇ ಬಿಟ್ಟು ಮತ್ತೆ ಬರೆದೆ. ಮೂಲವನ್ನು ಮೊಟಕು ಮಾಡಿದೆ ಎಂದು ನಾಚಿಕೆಯಾಯಿತು, ಆದರೆ ಅಂಚೆ ಇಲಾಖೆ ನನ್ನ ಕಡೆಗಿತ್ತು.

ಶಾಯಿ ಒಣಗಲೆಂದು ಕಾಯುವ ಹೊತ್ತಿನಲ್ಲಿ ಬೇರೆ ಪತ್ರಗಳನ್ನು ಓದಿದೆ. ಎರಡನ್ನು ಇಲ್ಲಿ ಹೇಳದೆ ಇರಲಾರೆ. 1838ರಲ್ಲಿ ಹಾರ್ವರ್ಡಿನ ದೇವಶಾಸ್ತ್ರ ಶಾಲೆಯಲ್ಲಿ ಎಮರ್ಸನ್ ಮಾಡಿದ ಭಾಷಣ ದೊಡ್ಡ ಗದ್ದಲ ಎಬ್ಬಿಸಿತು. ಅವರು ಪಾದ್ರಿಯಾಗಿದ್ದಾಗ ಹಿರಿಯ ಪಾದ್ರಿಯಾಗಿದ್ದ ಹೆನ್ರಿ ವೇರ್, ನಿನ್ನ ವಾದಗಳೇನು ಎಂದು ಕೇಳಿ ಬರೆದರು. ಒಂದು ಆಲೋಚನೆಯನ್ನು ನುಡಿಯುವುದಕ್ಕೂ ವಾದಕ್ಕೂ ಏನು ಸಂಬಂಧವೋ ನಾನರಿಯೆ ಎಂದು ಎಮರ್ಸನ್ ಉತ್ತರಿಸಿದರು. ಜಗಳಕ್ಕೆ ಬಂದವರನ್ನು ಜಗುಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟು ಕಳಿಸಿದ ಹಾಗೆ. ಇನ್ನೊಂದು 1845ರ ಜೂನ್ 17ರದ್ದು, ಎಲಿಜಬೆತ್ ಹೋರ್ ಎಂಬ ಗೆಳತಿಗೆ ಬರೆದದ್ದು. ತಾವಿದ್ದ ಕಾಂಕರ್ಡ್ ಊರಿಗೆ ಭಗವದ್ಗೀತೆ ಬಂದಿದೆ, ಮೊದಲ ಬಾರಿ ಕೈಯಲ್ಲಿ ಹಿಡಿದೆ ಎಂಬ ಸಂಭ್ರಮ ಅದರಲ್ಲಿದೆ. ಗೀತೆಯನ್ನು ಅವರು ಬೌದ್ಧಧರ್ಮದ ಹೆಸರಾಂತ ಗ್ರಂಥ ಎಂದು ಕರೆದಿದ್ದಾರೆ! ಅನುವಾದದಲ್ಲಿ ತಿದ್ದಿಬಿಡೋಣವೇ ಎಂದು ಕೈ ತುರಿಸಿತು. ತಿದ್ದಲಿಲ್ಲ. ತಪ್ಪೂ ಪತ್ರದ್ದೇ.

ಮಡಿಸುವುದಕ್ಕೆ ಬರುತ್ತೇನೆ, ಎಲ್ಲ ಗುಟ್ಟೂ ಅಲ್ಲೇ ಇರುವುದು. ಒಂದನೆಯ ಪುಟ ಮೇಲಾಗಿ, ಹಾಳೆಯ ಬೆನ್ನು ಎಡಕ್ಕೆ ಬರುವಂತೆ ಮೇಜಿನ ಮೇಲೆ ಇಡಬೇಕು. ಮೇಲಿನ ಅಂಚು, ಕೆಳಗಿನ ಅಂಚು ಎರಡನ್ನೂ ನಡುವೆ ಸೇರುವಂತೆ ಮಡಿಸಿದರೆ ಎಂಟು ಇಂಚು ಅಗಲ, ಐದು ಇಂಚು ಎತ್ತರದ ಪಟ್ಟಿ. ಬಲಗಡೆಯ ತೆರೆದ ಅಂಚನ್ನು ಎರಡೂವರೆ ಇಂಚು ಒಳಕ್ಕೆ ಮಡಿಸಬೇಕು. ಎಡಗಡೆಯ ಬೆನ್ನನ್ನೂ ಅಷ್ಟೇ ತಂದು, ಅದರ ಪದರಗಳ ನಡುವೆ ಜೇಬಿನಂತೆ ತೆರೆದುಕೊಳ್ಳುವ ಸಂದಿಗೆ ಬಲಗಡೆಯ ತುದಿಯನ್ನು ತೂರಿಸಬೇಕು. ಕೈಯಲ್ಲಿ ಉಳಿಯುವುದು ಐದಕ್ಕೆ ಮೂರು ಇಂಚಿನ ಪೊಟ್ಟಣ. ವಿಳಾಸವನ್ನು ಐದು ಇಂಚಿನ ಉದ್ದಕ್ಕೆ ಬರೆಯುತ್ತಾರೆ. ಹಾಳೆ ಬಿಚ್ಚಿ ನೋಡಿದಾಗ ವಿಳಾಸ ಮಾತ್ರ ಅಡ್ಡಡ್ಡ ಮಲಗಿರುವುದು ಅದಕ್ಕೇ.

ಆ ಜೇಬಿನೊಳಗೆ ಅಂಟುಬಿಲ್ಲೆ. ಅರಗಿನ ಮುದ್ರೆ ಎಲ್ಲರಿಗೂ ಗೊತ್ತು. ದಿನಬಳಕೆಯ ಪತ್ರಕ್ಕೆ ಹಿಟ್ಟಿನ ಬಿಲ್ಲೆ ಸಾಕಾಗುತ್ತಿತ್ತು. ಮೈದಾವನ್ನು ನೀರ್ ದೋಸೆಗಿಂತ ತೆಳ್ಳಗೆ ಕಲಸಿ, ಬಣ್ಣಕ್ಕೆ ಚಿಟಿಕೆ ಕುಂಕುಮ ಹಾಕಿ, ಹೆಂಚಿನ ಮೇಲೆ ಸವರಿ, ಮೇಲೊಂದು ಹೆಂಚು ಒತ್ತಿದೆ. ಗರಿಗರಿಯಾದ ಹಾಳೆಯಿಂದ ಅರ್ಧ ಇಂಚಿನ ಪೈಪಿನ ತುದಿಯಲ್ಲಿ ಬಿಲ್ಲೆ ಒತ್ತಿ ತೆಗೆದೆ. ಹತ್ತರಲ್ಲಿ ಆರು ಪುಡಿಯಾದವು. ಉಳಿದವುಗಳಲ್ಲಿ ಒಂದನ್ನು ಒದ್ದೆ ಮಾಡಿ ಜೇಬಿನೊಳಗಿಟ್ಟು, ರುಬ್ಬುಗುಂಡನ್ನು ಮೇಲೆ ಹೇರಿ ರಾತ್ರಿಯಿಡೀ ಬಿಟ್ಟೆ.

ಮರುದಿನ ಪೊಟ್ಟಣವನ್ನು ಏನೂ ಹೇಳದೆ ಹೆಂಡತಿಯ ಕೈಗೆ ಕೊಟ್ಟೆ. ಅವಳು ವಿದ್ಯುತ್ ಬಿಲ್ ಒಡೆಯುವ ಹಾಗೆ ಬೆರಳು ತೂರಿಸಿ ಸರ್ರನೆ ಎಳೆದಳು. ಎಂಟು ವಾರದ ಕೆಲಸ ಒಂದು ಕ್ಷಣದಲ್ಲಿ ತೆರೆದುಕೊಂಡಿತು, ಮೂರನೆಯ ಪುಟದ ಬಲ ಅಂಚಿನಲ್ಲಿ, ಮೇಲಿನಿಂದ ಸರಿಯಾಗಿ ಅರ್ಧಕ್ಕೆ, ನಾಣ್ಯದಷ್ಟು ತೂತು. ಮೂರು ಸಾಲಿನ ತುದಿ ಮಾಯ.

ಅದು ಎಮರ್ಸನ್ ಕಾರ್ಲೈಲ್‌ರ ಬರವಣಿಗೆಯ ಬಗ್ಗೆ ಮಾತನಾಡುವ ಜಾಗ. ನಿಮ್ಮ ಸತ್ಯಗಳು ಸ್ವರ್ಗದವು, ಅವನ್ನು ಅಂಥ ದುಂದುಗಾರ ಶೈಲಿಯಲ್ಲಿ ಏಕೆ ಚೆಲ್ಲುತ್ತೀರೋ ಅರ್ಥವಾಗುವುದಿಲ್ಲ ಎಂಬ ಧಾಟಿಯ ಆಕ್ಷೇಪ. ನನ್ನ ಹಾಳೆಯಲ್ಲಿ 'ನನಗೆ ಅರ್ಥ' ಎಂಬಲ್ಲಿಗೆ ಸಾಲು ನಿಂತಿತ್ತು. ಹೆಂಡತಿ ಜೋರಾಗಿ ಓದುತ್ತಾ ಬಂದವಳು, ತಡೆಯದೆ, "ನನಗೆ ಅರ್ಥವಾಗುತ್ತದೆ" ಎಂದು ತಾನೇ ತುಂಬಿಕೊಂಡು ಮುಂದೆ ಹೋದಳು. ಕೇಳುವುದಕ್ಕೆ ಎಷ್ಟು ಸಹಜವಾಗಿತ್ತೆಂದರೆ, ಮೂಲ ಗೊತ್ತಿರದಿದ್ದರೆ ನಾನೂ ತಲೆದೂಗುತ್ತಿದ್ದೆ. ಕನ್ನಡದಲ್ಲಿ ಹೌದೋ ಅಲ್ಲವೋ ಎಂಬುದು ವಾಕ್ಯದ ಬಾಲದಲ್ಲಿರುತ್ತದೆ. ಬಲ ಅಂಚು ಹರಿದರೆ ಆಕ್ಷೇಪಣೆ ಒಪ್ಪಿಗೆಯಾಗಿಬಿಡುತ್ತದೆ. ಕಂಸದೊಳಗೆ ಪದ ತುಂಬುವ ಸಂಪಾದಕರ ಮೇಲೆ ನನಗಿದ್ದ ಅಸಹನೆ ಅಲ್ಲಿಗೆ ಇಳಿಯಿತು. ಅವರು ಊಹೆ ಮಾಡುವ ಮುನ್ನ ಎಷ್ಟು ಸಲ ಕೈ ತಡೆದಿರಬೇಕು.

"ಅದು ಇಲ್ಲೇ ಇದೆಯಲ್ಲ," ಎಂದಳು ಹೆಂಡತಿ. ಹಾಳೆ ತಿರುಗಿಸಿ ತೋರಿಸಿದಳು. ಒಂದನೆಯ ಪುಟದ ಎಡ ಅಂಚಿನಲ್ಲಿ ಕುಂಕುಮದ ಬಿಲ್ಲೆ, ಅದರ ಬೆನ್ನಿಗೆ ಅಂಟಿದ ಚೂರು, ಚೂರಿನ ಮೇಲೆ ನೆಟ್ಟಗೆ, ಓದುವುದಕ್ಕೆ ಬರುವಂತೆ 'ವಾಗುವುದಿಲ್ಲ'. ಮಡಿಕೆಯ ಲೆಕ್ಕ ಹಾಕಿದರೆ ಹಾಗೇ ಆಗಬೇಕು. ನಾಲ್ಕನೆಯ ಪುಟದ ಮೈ ಬಿಲ್ಲೆಗೆ ಅಂಟುತ್ತದೆ, ಅದರ ಹಿಂಬದಿಯಾದ ಮೂರನೆಯ ಪುಟ ಮೇಲೆ ಕಾಣುತ್ತದೆ. ಹಳೆಯ ಪತ್ರಗಳಲ್ಲೂ ಕಳೆದ ಪದ ಕೆಲವೊಮ್ಮೆ ಮುದ್ರೆಯ ಬಳಿಯೇ ಸಿಗುತ್ತದೆ, ಯಾರೂ ಚೂರನ್ನು ಕಿತ್ತು ಎಸೆದಿರದಿದ್ದರೆ.

ಎರಡನೆಯ ಪ್ರತಿ ಬರೆದಾಗ ಮೂರನೆಯ ಪುಟದ ಆ ಜಾಗದಲ್ಲಿ ರೂಪಾಯಿ ನಾಣ್ಯ ಇಟ್ಟು ಅದರ ಸುತ್ತ ಸಾಲು ಬಳಸಿದೆ. ಅಂದಿನವರಲ್ಲಿ ಅನುಭವಸ್ಥರು ಹೀಗೇ ಜಾಗ ಬಿಡುತ್ತಿದ್ದರು. ಹರಿಯಿತು, ಒಂದು ಅಕ್ಷರವೂ ಹೋಗಲಿಲ್ಲ. ಹೇಳುವುದಕ್ಕೆ ಬೇರೇನೂ ಇಲ್ಲ. ಯಶಸ್ವಿಯಾದ ಪ್ರಯೋಗ ಬಹಳ ಸಪ್ಪೆ.

ನಿಜವಾದ ಪತ್ರ ಅಟ್ಲಾಂಟಿಕ್ ದಾಟಿ ಹೋದದ್ದು ಹಾಯಿಹಡಗುಗಳ ಕಾಲದಲ್ಲಿ. ಕಾರ್ಲೈಲ್ ಅಷ್ಟರಲ್ಲಿ ಲಂಡನ್ನಿನ ಚೆಲ್ಸಿಗೆ ಮನೆ ಬದಲಿಸಿದ್ದರು. ಅವರ ಉತ್ತರದ ತಾರೀಕು ಆಗಸ್ಟ್ 12. ಮುಂದೆ 1872ರ ಜುಲೈ 24ರ ಬೆಳಗ್ಗೆ ಎಮರ್ಸನ್ ಅವರ ಮನೆಗೆ ಬೆಂಕಿ ಬಿತ್ತು. ನೆರೆಹೊರೆಯವರು ಓಡಿಬಂದು ಪುಸ್ತಕ, ಹಸ್ತಪ್ರತಿಗಳನ್ನು ಹೊರಗೆ ಸಾಗಿಸಿದರು. ಅವತ್ತು ಕೈಗೆ ಸಿಕ್ಕಿದ್ದನ್ನು ಅಪ್ಪಿಕೊಂಡು ಓಡಿದವರಲ್ಲಿ ಯಾರೂ ಮೂರನೆಯ ಪುಟದ ಚೂರಿನ ಬಗ್ಗೆ ಯೋಚಿಸಿರಲಾರರು.

ಹಂಡೆಯ ಮೇಲೆ ಕಟ್ಟಿದ್ದ ಪಟ್ಟಿಗಳನ್ನು ಒಂದು ತಿಂಗಳ ಮೇಲೆ ಇಳಿಸಿದೆ. ಮೂವತ್ತಕ್ಕೆ ಹತ್ತರ ಶಾಯಿ ಹಾಗೇ ಇತ್ತು. ಸಮಸಮ ಹಾಕಿದ ಶಾಯಿಯ ಪಟ್ಟಿಯನ್ನು ತಿರುಗಿಸಿದರೆ ಹಿಂಬದಿಯಲ್ಲೂ ಅಕ್ಷರ ಕಂದು ಬಣ್ಣಕ್ಕೆ ಎದ್ದಿತ್ತು. ಬೆರಳಲ್ಲಿ ಮೆಲ್ಲಗೆ ಬಾಗಿಸಿದಾಗ ದಪ್ಪ ಗೆರೆಯೊಂದರ ಉದ್ದಕ್ಕೂ ಕಾಗದ ಹಪ್ಪಳದಂತೆ ಸೀಳಿತು. ಅನ್ನಭೇದಿಯಿಂದ ಹುಟ್ಟುವ ಗಂಧಕಾಮ್ಲ ಮತ್ತು ಮಿಕ್ಕುಳಿದ ಕಬ್ಬಿಣ ಸೇರಿ ನಾರನ್ನು ತಿನ್ನುತ್ತವೆ, ಬರೆದ ಕಡೆಯಲ್ಲೇ ತಿನ್ನುತ್ತವೆ, ಬರೆಯದ ಜಾಗ ಗಟ್ಟಿಯಾಗಿಯೇ ಉಳಿಯುತ್ತದೆ. ಪತ್ರಾಗಾರಗಳಲ್ಲಿ ಇದಕ್ಕೆ ಮದ್ದಿದೆ. 1990ರ ದಶಕದಲ್ಲಿ ನೆದರ್ಲೆಂಡ್ಸ್‌ನಲ್ಲಿ ರೂಪಿಸಿದ ಕ್ಯಾಲ್ಸಿಯಂ ಫೈಟೇಟ್ ದ್ರಾವಣ ಆ ಪುಂಡ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಅದರ ಮೂಲವಾದ ಫೈಟಿಕ್ ಆಮ್ಲ ಅಕ್ಕಿಯ ತವುಡಿನಲ್ಲಿ ಧಾರಾಳವಾಗಿದೆ. ಹಾಗೆಂದು ತವುಡು ಕಲಸಿದ ನೀರಿನಲ್ಲಿ ಯಾರೂ ಅಜ್ಜನ ಪತ್ರ ಅದ್ದಬಾರದು. ಅದು ಪ್ರಯೋಗಾಲಯದ ಕೆಲಸ. ಮನೆಯಲ್ಲಿ ಮಾಡಬಹುದಾದದ್ದು ಇಷ್ಟೇ: ಒಣಗಿದ ತಂಪು ಜಾಗ, ಆಮ್ಲವಿಲ್ಲದ ಕಾಗದದ ಮಡಿಕೆ, ಸೆಲ್ಲೋಟೇಪ್ ಮಾತ್ರ ಮುಟ್ಟಿಸಬಾರದು.

ಮೊದಲ ಪ್ರತಿಯನ್ನು ಕಪಾಟಿನಲ್ಲಿಟ್ಟು ಮರೆತಿದ್ದೆ. ಮೊನ್ನೆ ತೆಗೆದರೆ ಒಂದನೆಯ ಪುಟದಲ್ಲಿ ಬಿಲ್ಲೆಯೇ ಇಲ್ಲ, ಕೆಂಪು ಕಲೆಯ ಸುತ್ತ ಇರುವೆ ಸಾಲು. ಮೈದಾ ಅಲ್ಲವೇ, ತಿಂದು ಮುಗಿಸಿವೆ. ಚೂರು ಕಪಾಟಿನ ಹಲಗೆಯ ಸಂದಿಯಲ್ಲಿ ಸಿಕ್ಕಿತು. ಇಕ್ಕಳದಿಂದ ಎತ್ತಿ, ಸಣ್ಣ ಕಾಗದದ ಚೀಲಕ್ಕೆ ಹಾಕಿ, ಮೇಲೆ ಪೆನ್ಸಿಲಿನಿಂದ ಬರೆದೆ: ಪುಟ 3, ಬಲ ಅಂಚು, ಸಾಲು 14ರಿಂದ 16, 'ವಾಗುವುದಿಲ್ಲ'.